ಗೊನೆಗೆ ಇಪ್ಪತ್ತು ಹಣ್ಣು: ಇಟಲಿಯ ಪಿಕೊಲಿಟ್ ದ್ರಾಕ್ಷಿಯೂ ನಮ್ಮ ತೋಟಗಳೂ



ಕಳೆದ ಕೊಯ್ಲಿನ ಕೊನೆಯಲ್ಲಿ ಕಳಸದ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಮೈಲುತುತ್ತದ ಬಾಕಿ ಲೆಕ್ಕ ನೋಡಲು ಕಚೇರಿಗೆ ಬಂದಿದ್ದರು. ಲೆಕ್ಕ ಮುಗಿದ ಮೇಲೆ ಕೈಚೀಲದಿಂದ ಬಟ್ಟೆ ಸುತ್ತಿದ ಸಣ್ಣ ಸೀಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಇಟಲಿಯಲ್ಲಿ ಕೆಲಸದಲ್ಲಿರುವ ಅವರ ತಂಗಿಯ ಮಗ ಊರಿಗೆ ಬಂದಾಗ ತಂದುಕೊಟ್ಟ ಸಿಹಿ ವೈನ್ ಅದು. ಅರ್ಧ ಲೀಟರಿನ ಸೀಸೆಗೆ ನಮ್ಮ ಹಣದಲ್ಲಿ ಹಲವು ಸಾವಿರ ರೂಪಾಯಿ ಎಂದು ಕೇಳಿ ಅವರಿಗೆ ನಿದ್ದೆ ಬಂದಿರಲಿಲ್ಲ.

"ಸೆಕ್ರೆಟರಿಯವರೇ, ಇದರ ನಾಲ್ಕು ಕಡ್ಡಿ ತರಿಸಿ ನೆಟ್ಟರೆ ಹೇಗೆ? ಹುಡುಗ ಮತ್ತೆ ಡಿಸೆಂಬರಿಗೆ ಬರ್ತಾನೆ. ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಾ ಅಂದ್ರೆ ಬೇಡ ಅನ್ನೋನಲ್ಲ."

ಸೀಸೆಯ ಚೀಟಿಯ ಮೇಲೆ ದ್ರಾಕ್ಷಿಯ ಹೆಸರಿತ್ತು: ಪಿಕೊಲಿಟ್. ಆ ಹೆಸರನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಸೀಸೆಯಲ್ಲಿ ಕಂಡಿರಲಿಲ್ಲ. ಅವರಿಗೆ ಅಂದು ಬಾಯಿಮಾತಿನಲ್ಲಿ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಬೇರೆ ಗಿಡಗಳ ಹೆಸರಿನಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ನಮ್ಮ ಕಚೇರಿಗೆ ಬರುತ್ತದೆ.

ಇಟಲಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವೇನಿಯಾ ದೇಶದ ಗಡಿಗೆ ಹೊಂದಿಕೊಂಡು, ಫ್ರಿಯೂಲಿ ಎಂಬ ಸೀಮೆಯಿದೆ. ಉತ್ತರಕ್ಕೆ ಆಲ್ಪ್ಸ್ ಪರ್ವತ, ದಕ್ಷಿಣಕ್ಕೆ ಸಮುದ್ರ, ನಡುವೆ ಸಣ್ಣ ಸಣ್ಣ ಗುಡ್ಡಗಳು. ಈ ಹೆಸರು ನಮಗೆ ಹೊಸದಾದರೂ ಅಲ್ಲಿನವರಿಗೂ ನಮಗೂ ವ್ಯವಹಾರ ಹಳೆಯದು. ಆ ಪ್ರಾಂತ್ಯದ ರಾಜಧಾನಿಯಾದ ಟ್ರಿಯೆಸ್ಟ್ ಮೆಡಿಟರೇನಿಯನ್ ಸಮುದ್ರದ ದೊಡ್ಡ ಕಾಫಿ ಬಂದರುಗಳಲ್ಲಿ ಒಂದು. ಭಾರತದ ಕಾಫಿಯನ್ನು ಅತಿ ಹೆಚ್ಚಾಗಿ ಕೊಳ್ಳುತ್ತ ಬಂದಿರುವ ದೇಶ ಇಟಲಿಯೇ. ಅಲ್ಲಿಯವರ ಎಸ್ಪ್ರೆಸೊ ಬಟ್ಟಲಿನ ಮೇಲಿನ ಕೆನೆಗೆ ನಮ್ಮ ಕಡೆಯ ರೋಬಸ್ಟ ಬೇಕು.

ಆ ಗುಡ್ಡಗಳ ಬಿಳಿ ದ್ರಾಕ್ಷಿ ತಳಿಗಳಲ್ಲಿ ಪಿಕೊಲಿಟ್ ಒಂದು. ಪಿಕೊಲೊ ಎಂದರೆ ಅವರ ಭಾಷೆಯಲ್ಲಿ ಚಿಕ್ಕದು. ಗೊನೆ ಚಿಕ್ಕದಾದ್ದರಿಂದ ಈ ಹೆಸರು ಬಂತು ಎನ್ನುತ್ತಾರೆ. ಗೊನೆ ಎಷ್ಟು ಚಿಕ್ಕದು ಎಂಬುದರಲ್ಲಿಯೇ ಇದರ ಕಥೆಯೆಲ್ಲ ಇದೆ. ಸಾಧಾರಣ ವೈನ್ ದ್ರಾಕ್ಷಿಯ ಗೊನೆಯಲ್ಲಿ ನೂರು, ನೂರೈವತ್ತು ಹಣ್ಣು ಇರುತ್ತವೆ. ಪಿಕೊಲಿಟ್ ಗೊನೆಯಲ್ಲಿ ಹದಿನೈದರಿಂದ ಮೂವತ್ತು. ಹೂವೇನೋ ಎಲ್ಲದರಂತೆ ಧಾರಾಳವಾಗಿಯೇ ಬಿಡುತ್ತದೆ. ಆದರೆ ಕಾಯಿ ಕಚ್ಚುವುದಿಲ್ಲ, ಹೂ ಉದುರಿಹೋಗುತ್ತದೆ.

ನಮ್ಮವರು ಇದನ್ನು ಓದಿದ ಕೂಡಲೇ ಬೋರಾನ್ ಕೊರತೆ, ಸತುವಿನ ಕೊರತೆ ಎಂದು ಔಷಧಿ ಅಂಗಡಿಗೆ ಓಡುವವರೇ. ಆದರೆ ಇದು ಗೊಬ್ಬರದಿಂದ ಹೋಗುವ ದೋಷವಲ್ಲ, ಬಳ್ಳಿಯ ಹುಟ್ಟುಗುಣ. ಇಂದಿನ ದ್ರಾಕ್ಷಿ ತಳಿಗಳಲ್ಲಿ ಬಹುಪಾಲಿಗೆ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡು ಅಂಗಗಳೂ ಇದ್ದು ಎರಡೂ ಕೆಲಸ ಮಾಡುತ್ತವೆ. ಪಿಕೊಲಿಟ್ ಹೂವಿನಲ್ಲಿಯೂ ಕೇಸರಗಳು ಕಾಣುತ್ತವೆ. ಆದರೆ ಅವುಗಳ ಪರಾಗ ಬಂಜೆ. ಹೊರನೋಟಕ್ಕೆ ದ್ವಿಲಿಂಗಿ, ನಿಜದಲ್ಲಿ ಹೆಣ್ಣು ಮಾತ್ರ. ಪಕ್ಕದಲ್ಲಿ ಬೇರೆ ತಳಿಯ ಬಳ್ಳಿಯಿದ್ದು, ಅದು ಅದೇ ಕಾಲಕ್ಕೆ ಅರಳಿ, ಅದರ ಪರಾಗ ಇಲ್ಲಿಗೆ ಬಂದು ಬಿದ್ದರೆ ಒಂದಷ್ಟು ಹೂ ಕಾಯಾಗುತ್ತವೆ. ಹೂ ಬಿಡುವ ವಾರದಲ್ಲಿ ಮಳೆಯೋ ಚಳಿಯೋ ಬಂದರೆ ಅದೂ ಇಲ್ಲ. ಆದ್ದರಿಂದ ಅಲ್ಲಿಯ ಬೆಳೆಗಾರರು ಪಿಕೊಲಿಟ್ ಸಾಲುಗಳ ಆಸುಪಾಸಿನಲ್ಲಿ ಬೇರೆ ತಳಿಗಳನ್ನೂ ಉಳಿಸಿಕೊಳ್ಳುತ್ತಾರೆ.

ಇಲ್ಲಿ ನಮ್ಮ ತೋಟಕ್ಕೆ ಬರೋಣ. ಅರೇಬಿಕ ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟುವ ಜಾತಿ. ಹೂ ಪೂರ್ತಿ ತೆರೆಯುವ ಹೊತ್ತಿಗೇ ಬಹುಪಾಲು ಕೆಲಸ ಮುಗಿದಿರುತ್ತದೆ. ರೋಬಸ್ಟ ಹಾಗಲ್ಲ. ಅದರ ಪರಾಗ ಬಂಜೆಯಲ್ಲ, ಆದರೆ ಅದೇ ಗಿಡದ ಹೂವಿನ ಮೇಲೆ ಬಿದ್ದರೆ ಫಲಿಸುವುದಿಲ್ಲ, ಇನ್ನೊಂದು ಗಿಡದ್ದೇ ಬೇಕು. ಒಂದೇ ತಾಯಿಗಿಡದಿಂದ ಕಡ್ಡಿ ಕತ್ತರಿಸಿ ಒಂದು ಎಕರೆ ಪೂರ್ತಿ ನೆಟ್ಟರೆ ಸಾವಿರ ಗಿಡವಾದರೂ ಪರಾಗದ ಲೆಕ್ಕಕ್ಕೆ ಅದು ಒಂದೇ ಗಿಡ. ನಮ್ಮ ಅಪ್ಪಂದಿರು ಬೀಜದಿಂದ ಸಸಿ ಮಾಡುತ್ತಿದ್ದುದರಿಂದ ಗಿಡಕ್ಕೆ ಗಿಡ ಬೇರೆಯಾಗಿ ಈ ತೊಂದರೆ ಅವರಿಗೆ ಗೊತ್ತೇ ಆಗಲಿಲ್ಲ. ಈಗ "ಪಕ್ಕದ ಎಸ್ಟೇಟಿನ ಒಂದು ಗಿಡ ಭಾರೀ ಕಚ್ಚುತ್ತೆ" ಎಂದು ಅದೊಂದರದ್ದೇ ಕಸಿ, ಕಡ್ಡಿ ತಂದು ತುಂಬಿಸುವವರು ಹೆಚ್ಚಾಗಿದ್ದಾರೆ. ಹಾಗೆ ಮಾಡುವವರು ನಾಲ್ಕೈದು ಬೇರೆ ಬೇರೆ ತಾಯಿಗಿಡಗಳ ಕಡ್ಡಿ ಬೆರೆಸಿ ನೆಡಬೇಕು. ಅವೆಲ್ಲ ಒಂದೇ ಮಳೆಗೆ ಒಟ್ಟಿಗೆ ಅರಳುವಂತಹವೂ ಆಗಿರಬೇಕು.

ಅಡಿಕೆಯಲ್ಲೂ ಅಂಥದೇ ಒಂದು ಏರ್ಪಾಡಿದೆ. ಒಂದೇ ಸಿಂಗಾರದಲ್ಲಿ ಗಂಡು ಹೂ ಮೊದಲು ಅರಳಿ ಉದುರಿಹೋದ ಮೇಲೆ ಬುಡದಲ್ಲಿರುವ ಹೆಣ್ಣು ಹೂ ತೆರೆಯುತ್ತದೆ. ಆದ್ದರಿಂದ ಮರಕ್ಕೆ ಮರ ಆಧಾರ.

ರೋಬಸ್ಟದ ಪರಾಗವನ್ನು ಗಾಳಿ ಒಯ್ಯುತ್ತದೆ, ಜೇನೂ ಒಯ್ಯುತ್ತದೆ. ಹೆಜ್ಜೇನು, ತುಡುವೆ ಜೇನು ಬಂದು ಕೂತ ಕೊಂಬೆಗಳಲ್ಲಿ ಕಾಯಿ ಹೆಚ್ಚು ಕಚ್ಚುವುದನ್ನು ಕೊಡಗಿನ ತೋಟಗಳಲ್ಲಿ ವಿಜ್ಞಾನಿಗಳು ಎಣಿಸಿ ತೋರಿಸಿದ್ದಾರೆ. ನಮ್ಮಲ್ಲಿ ಹೂಮಳೆಯಾಗಿ ಏಳೆಂಟು ದಿನಕ್ಕೆ ತೋಟ ಬೆಳ್ಳಗಾಗುವಾಗ ಹೆಜ್ಜೇನು ಕೂರುವ ಮರವೇ ಇರುವುದಿಲ್ಲ. ಹಿಂದಿನ ವರ್ಷ ಸಿಲ್ವರ್ ಓಕ್ ಹಾಕಲು ಆ ಗೋಣಿಮರವನ್ನೋ ಅತ್ತಿಮರವನ್ನೋ ಕಡಿದು ಮಾರಿರುತ್ತೇವೆ. ಕೆಲವರು ಹೂವಿನ ಮೇಲೆಯೇ ಕೀಟನಾಶಕ ಹೊಡೆಸುತ್ತಾರೆ. ಆಳು ಸಿಕ್ಕ ದಿನ ಕೆಲಸ ಮುಗಿಸಬೇಕೆಂಬ ಅವಸರ ನನಗೂ ಗೊತ್ತಿದೆ. ಆದರೂ ಹೂ ಅರಳಿ ಬಾಡುವ ತನಕ ಸ್ಪ್ರೇಯರನ್ನು ಕೊಟ್ಟಿಗೆಯಲ್ಲಿಡಿ.

ಪಿಕೊಲಿಟ್ ಕಥೆಗೆ ಹಿಂತಿರುಗುತ್ತೇನೆ. ಇಷ್ಟು ಬರಡು ಬಳ್ಳಿಯನ್ನು ಯಾರಾದರೂ ಏಕೆ ಬೆಳೆಯಬೇಕು? ಎಲೆಗಳು ಮಾಡಿದ ಸಕ್ಕರೆಯೆಲ್ಲ ನೂರೈವತ್ತು ಹಣ್ಣಿಗೆ ಹಂಚಿಹೋಗುವ ಬದಲು ಇಪ್ಪತ್ತಕ್ಕೆ ಹೋಗುತ್ತದೆ. ಹಣ್ಣು ಬಹಳ ಸಿಹಿಯಾಗುತ್ತದೆ. ಅತಿಯಾಗಿ ಕಾಯಿ ಹಿಡಿದ ಅರೇಬಿಕ ಗಿಡ ಎಲೆ ಉದುರಿಸಿ, ಕೊಂಬೆ ಒಣಗಿಸಿ, ಕೊನೆಗೆ ನೀರಿನ ಮೇಲೆ ತೇಲುವ ಜಳ್ಳು ಕೊಡುವುದನ್ನು ನಾವು ನೋಡಿಲ್ಲವೇ? ಅದರ ತದ್ವಿರುದ್ಧ ಇದು. ಸಾಲದೆಂಬಂತೆ ಬೆಳೆಗಾರರು ಹಣ್ಣನ್ನು ತಡವಾಗಿ ಕೊಯ್ದು, ಗಾಳಿಯಾಡುವ ಅಟ್ಟದಲ್ಲಿ ಚಾಪೆಯ ಮೇಲೆ ಹರಡಿ ಕೆಲವು ವಾರ ಬಾಡಿಸುತ್ತಾರೆ. ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಕ ನೀರಾಗಿ ಹೋಗುತ್ತದೆ. ವಿಜಯಪುರದ ಕಡೆಯವರು ಒಣದ್ರಾಕ್ಷಿ ಮಾಡಲು ಹಿಡಿಯುವ ದಾರಿಯನ್ನೇ ಇವರು ಹಿಡಿದು ಅರ್ಧಕ್ಕೆ ನಿಲ್ಲಿಸುತ್ತಾರೆ ಎನ್ನಬಹುದು.

ಆಮೇಲೆ ಹಿಂಡಿ ಹುದುಗಿಸುವುದು. ಪಲ್ಪ್ ಮಾಡಿದ ಕಾಫಿ ತೊಟ್ಟಿಯಲ್ಲಿ ಹುಳಿಬಂದು ಲೋಳೆ ಬಿಡುವುದನ್ನು ಕಂಡವರಿಗೆ ಇದು ಹೊಸತಲ್ಲ. ಹುದುಗು ಬರಿಸುವ ಸೂಕ್ಷ್ಮಜೀವಿಗಳು ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾಡುತ್ತವೆ. ಸಾಧಾರಣ ರಸದಲ್ಲಿ ಸಕ್ಕರೆ ಪೂರ್ತಿ ಮುಗಿದು ವೈನ್ ಸಪ್ಪೆಯಾಗುತ್ತದೆ. ಸಕ್ಕರೆ ತೀರಾ ಹೆಚ್ಚಿದ್ದರೆ, ಮದ್ಯಸಾರ ಶೇಕಡಾ 14 ಅಥವಾ 15ರ ಹತ್ತಿರ ಬರುವಾಗ ಆ ಜೀವಿಗಳೇ ಸೋತು ನಿಲ್ಲುತ್ತವೆ, ಉಳಿದ ಸಕ್ಕರೆ ಹಾಗೆಯೇ ಇರುತ್ತದೆ. ಸಿಹಿ ವೈನ್‌ನ ಗುಟ್ಟು ಇಷ್ಟೇ. ಊಟವಾದ ಮೇಲೆ ಸಣ್ಣ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯುವಂಥದು.

ಹದಿನೆಂಟನೆಯ ಶತಮಾನದಲ್ಲಿ ಫಗಾಞ ಎಂಬ ಊರಿನ ಜಮೀನುದಾರ ಕೌಂಟ್ ಫಾಬಿಯೊ ಅಸ್ಕ್ವಿನಿ (1726-1818) ಇದನ್ನು ಯುರೋಪಿನ ಅರಮನೆಗಳಿಗೆ ಮುಟ್ಟಿಸಿದ. ಅವನು ಇದನ್ನು ಪೀಪಾಯಿಯಲ್ಲಿ ಮಾರಲಿಲ್ಲ. ವೆನಿಸ್ ಬಳಿಯ ಮುರಾನೊ ದ್ವೀಪದ ಕುಶಲಕರ್ಮಿಗಳಿಂದ ಕಾಲು ಲೀಟರಿನ ಗಾಜಿನ ಸೀಸೆಗಳನ್ನು ಊದಿಸಿ ಅವುಗಳಲ್ಲಿ ತುಂಬಿ ಕಳಿಸಿದ. ಗೋಣಿಯಲ್ಲಿ ಕಾಫಿ ತುಂಬಿ ತೂಕಕ್ಕೆ ಹಾಕುವ ನಾವು ಆ ಸೀಸೆಯ ವಿಷಯವನ್ನು ಸ್ವಲ್ಪ ಯೋಚಿಸಬೇಕು. ಅವನ ಕಾಲದ ನಂತರ ಈ ತಳಿ ಹಿಂದೆ ಬಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿತೋಟಗಳನ್ನು ಹಾಳುಮಾಡಿತು. ಮರಳಿ ನೆಡುವಾಗ ಯಾರು ತಾನೇ ಗೊನೆಗೆ ಇಪ್ಪತ್ತು ಹಣ್ಣಿನ ಬಳ್ಳಿಯನ್ನು ನೆಡುತ್ತಾರೆ? ಇಪ್ಪತ್ತನೆಯ ಶತಮಾನದಲ್ಲಿ ರೊಕ್ಕ ಬೆರ್ನಾರ್ದ ಎಂಬ ಕೋಟೆಮನೆಯ ಪೆರುಸಿನಿ ಮನೆತನದವರು ಉಳಿದ ಬಳ್ಳಿಗಳಲ್ಲಿ ಒಳ್ಳೆಯವನ್ನು ಆರಿಸಿ ಕಾಪಾಡದಿದ್ದರೆ ಇಂದು ಈ ಹೆಸರು ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು.

ಅಮೆರಿಕದಿಂದ ಬಂದದ್ದು ಬೇರುಹೇನು ಒಂದೇ ಅಲ್ಲ. ಎಲೆಯ ಅಡಿಯಲ್ಲಿ ಬೂಷ್ಟು ಹಿಡಿಸುವ ರೋಗವೂ ಬಂತು. ಅದಕ್ಕೆ ಫ್ರಾನ್ಸಿನ ಬೋರ್ಡೋದಲ್ಲಿ ಸಿಕ್ಕ ಮದ್ದಿನ ಕಥೆ ನಮ್ಮ ಅಡಿಕೆ ಬೆಳೆಗಾರರ ಮನೆಯ ಕಥೆಯೇ. ಹಣ್ಣು ಕದಿಯುವವರನ್ನು ಹೆದರಿಸಲು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರು ಎರಚುತ್ತಿದ್ದರಂತೆ. ಬೇರೆ ಬಳ್ಳಿಗಳ ಎಲೆ ಉದುರಿದರೂ ಆ ಸಾಲಿನವು ಹಸಿರಾಗಿದ್ದುದನ್ನು ಪ್ರೊಫೆಸರ್ ಮಿಲಾರ್ದೆ ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಈ ದ್ರಾವಣವನ್ನೇ ಮಲೆನಾಡಿನ ಕೊನೆಗಳಿಗೆ ಹೊಡೆಯಲು ಕಲಿಸಿದರು. ಅದಕ್ಕೆ ಮುಂಚೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿತ್ತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದುದರ ಹಿಂದೆ ಇದ್ದವರೂ ಅವರೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ನಾವು ಆಷಾಢಕ್ಕೆ ಮುಂಚೆ ಕಲಸುವುದು ದ್ರಾಕ್ಷಿ ಬೆಳೆಗಾರನ ಕಷಾಯವನ್ನು.

ಈಗ ಸದಸ್ಯರ ಪ್ರಶ್ನೆ. ಇಲ್ಲಿ ನೆಟ್ಟರೆ ಬರುವುದೇ?

ದ್ರಾಕ್ಷಿ ಒಣ ಹವೆಯ ಬೆಳೆ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡಬೇಕು. ನಮ್ಮ ರಾಜ್ಯದ ಬಯಲುಸೀಮೆಯಲ್ಲಿ ಆ ನಿದ್ದೆಯಿಲ್ಲದ್ದರಿಂದ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಬಳ್ಳಿಯನ್ನು ದಾರಿಗೆ ತರುತ್ತಾರೆ. ಮೂಡಿಗೆರೆ, ಕಳಸದ ಕಡೆ ಎಂಬತ್ತು, ನೂರು ಅಂಗುಲ ಮಳೆ ನಾಲ್ಕು ತಿಂಗಳು ಸುರಿಯುವಲ್ಲಿ ಆ ಬೂಷ್ಟು ರೋಗಕ್ಕೆ ಹಬ್ಬ. ಕೊಳೆರೋಗಕ್ಕೆ ಎರಡು ಮೂರು ಸಲ ಹೊಡೆಯಲು ಕೊನೆಗಾರ ಸಿಗದೆ ಒದ್ದಾಡುವ ನಾವು ಬಳ್ಳಿಗೆ ವಾರಕ್ಕೊಮ್ಮೆ ಹೊಡೆಯಬೇಕಾದೀತು. ಹಣ್ಣು ಬಾಡಿಸುವ ಕಾಲಕ್ಕೆ ನಮ್ಮಲ್ಲಿ ಕಣದ ಕಾಫಿಯೇ ಒಣಗುವುದು ಕಷ್ಟ. ಕೆಲವರ ಮನೆಯಂಗಳದ ಚಪ್ಪರದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಹಬ್ಬಿರುವುದನ್ನು ತೋರಿಸಿ ವಾದಿಸುವವರಿದ್ದಾರೆ. ಅದು ಅಮೆರಿಕದ ರಕ್ತದ ಬಳ್ಳಿ, ಒರಟು, ರೋಗಕ್ಕೆ ಬೇಗ ಬಗ್ಗದು. ಅದನ್ನು ನೋಡಿ ಪಿಕೊಲಿಟ್ ನೆಡುವುದು, ರೋಬಸ್ಟ ಬಂದ ಜಾಗದಲ್ಲಿ ಹಳೆಯ ಕೂರ್ಗ್ ತಳಿಯ ಅರೇಬಿಕ ಬಂದೀತು ಎಂದಂತೆ. ಯುರೋಪಿನ ವೈನ್ ದ್ರಾಕ್ಷಿಯನ್ನು ಕರ್ನಾಟಕದಲ್ಲಿ ಬೆಳೆಯುತ್ತಿದ್ದಾರೆ ನಿಜ. ಆದರೆ ಅದು ನಂದಿಬೆಟ್ಟ, ದೊಡ್ಡಬಳ್ಳಾಪುರದ ಒಣ ಸೀಮೆಯಲ್ಲಿ, ದೊಡ್ಡ ಬಂಡವಾಳದಲ್ಲಿ. ರಾಜ್ಯದಲ್ಲಿ 2007ರಿಂದ ವೈನ್ ನೀತಿ ಇದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಮಾಡಿ ಮಾರಿದರೆ ಅಬಕಾರಿಯವರು ಬರುತ್ತಾರೆ ಎಂಬುದನ್ನು ಹೋಂಸ್ಟೇ ನಡೆಸುವ ಸದಸ್ಯರು ನೆನಪಿಡಲಿ.

ಕಡ್ಡಿಯನ್ನು ಪೆಟ್ಟಿಗೆಯಲ್ಲಿ ತರುವ ಮಾತಿಗೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ "ಬೇಡ" ಎಂದೆ. ಅನುಮತಿಪತ್ರವಿಲ್ಲದೆ ಹೊರದೇಶದ ಸಸಿ, ಕಡ್ಡಿ ತರುವುದು 2003ರ ಸಸ್ಯ ಸಂಪರ್ಕನಿಷೇಧ ಆಜ್ಞೆಯ ಪ್ರಕಾರ ಅಪರಾಧ. ಕಾನೂನು ಹಾಗಿರಲಿ, ಕಾಯಿಕೊರಕದ ನೆನಪು ನಮಗಿರಬೇಕು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಅದು ಮೊದಲು ಕಂಡಾಗ ನಾವು ಅದು ಬೇರೆ ಜಿಲ್ಲೆಯ ಸುದ್ದಿ ಎಂದುಕೊಂಡಿದ್ದೆವು. ಇಂದು ಕೊಯ್ಲು ಮುಗಿದ ಮೇಲೆ ನೆಲದ ಮೇಲಿನ ಒಂದೊಂದು ಕಾಳನ್ನೂ ಆರಿಸಲು ಆಳಿಗೆ ಕೂಲಿ ಕೊಡುತ್ತಿದ್ದೇವೆ.

ನಾನು ಈ ವಿಷಯದಲ್ಲಿ ಉಪದೇಶ ಮಾಡುವಷ್ಟು ಶುದ್ಧನಲ್ಲ. 2003ರ ಸುಮಾರಿಗೆ ವೆನಿಲಾದ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿದಾಗ ನಾನೂ ಕಾಲು ಎಕರೆಗೆ ಬಳ್ಳಿ ಹಬ್ಬಿಸಿದೆ. ಬಳ್ಳಿಯ ತುಂಡನ್ನೇ ಮೀಟರ್ ಲೆಕ್ಕದಲ್ಲಿ ಚಿನ್ನದಂತೆ ಅಳೆದು ಕೊಡುತ್ತಿದ್ದರು. ಅದೂ ಪಿಕೊಲಿಟ್ ಜಾತಿಯ ಹಠಮಾರಿಯೇ. ನಮ್ಮ ನಾಡಿನಲ್ಲಿ ಅದಕ್ಕೆ ತಾನಾಗಿ ಪರಾಗಸ್ಪರ್ಶವಾಗುವುದಿಲ್ಲ. ನನ್ನ ಹೆಂಡತಿ ಬೆಳಗಿನ ಕೆಲಸವೆಲ್ಲ ಬಿಟ್ಟು ಕಡ್ಡಿ ಹಿಡಿದು ಒಂದೊಂದು ಹೂವನ್ನೂ ಮುಟ್ಟಿ ಕಾಯಿ ಕಟ್ಟಿಸಿದಳು. ನಮ್ಮ ಕೋಡು ಬಲಿಯುವ ಹೊತ್ತಿಗೆ ಬೆಲೆ ಬಿದ್ದು, ಕೊನೆಗೆ ನೂರು ರೂಪಾಯಿಗೂ ಕೇಳುವವರಿಲ್ಲವಾಯಿತು. ಮೊದಲು ನೆಟ್ಟ ಕೆಲವರು ಹಣ ಮಾಡಿದರು. ಅವರಲ್ಲೂ ಬಹಳ ಮಂದಿ ಹಣ ಮಾಡಿದ್ದು ಕೋಡು ಮಾರಿ ಅಲ್ಲ, ಬಳ್ಳಿ ಮಾರಿ.

ಹಾಗಾದರೆ ಫ್ರಿಯೂಲಿಯವರಿಗೆ ಬೆಲೆ ಏಕೆ ನಿಂತಿತು? ರುಚಿ ಒಂದು ಕಾರಣ. ಇನ್ನೊಂದು, ಹೆಸರನ್ನು ಅವರು ಕಾಯ್ದ ರೀತಿ. ಅಲ್ಲಿಯ ಪೂರ್ವದ ಗುಡ್ಡಗಳ ಪಿಕೊಲಿಟ್‌ಗೆ 2006ರಲ್ಲಿ ಇಟಲಿಯ ಅತ್ಯುನ್ನತ ದರ್ಜೆಯ ಮೂಲಸ್ಥಳದ ರಕ್ಷಣೆ ದೊರೆಯಿತು. ಯಾವ ಗುಡ್ಡದಲ್ಲಿ ಬೆಳೆದಿರಬೇಕು, ಎಕರೆಗೆ ಎಷ್ಟರ ಮೇಲೆ ಕೊಯ್ಯಬಾರದು, ಸೀಸೆಯಲ್ಲಿ ಆ ದ್ರಾಕ್ಷಿಯ ಪಾಲು ಎಷ್ಟಿರಬೇಕು ಎಲ್ಲವೂ ಬರೆದಿಟ್ಟ ನಿಯಮ. ಪರೀಕ್ಷೆಯಲ್ಲಿ ನಪಾಸಾದರೆ ಆ ಹೆಸರು ಹಾಕುವಂತಿಲ್ಲ.

ಹೆಸರು ಕಳೆದುಕೊಳ್ಳುವುದೂ ಅವರಿಗೆ ಗೊತ್ತು. ಅದೇ ಸೀಮೆಯಲ್ಲಿ ಮನೆಮನೆಯಲ್ಲೂ ಕುಡಿಯುವ ಇನ್ನೊಂದು ಬಿಳಿ ವೈನ್‌ಗೆ ತಲೆತಲಾಂತರದಿಂದ ತೊಕಾಯ್ ಎಂದೇ ಹೆಸರು. ಹಂಗೇರಿಯವರಿಗೆ ತೊಕಾಯ್ ಎಂಬ ಊರೇ ಇದೆ, ಅಲ್ಲಿಯ ಸಿಹಿ ವೈನ್ ಜಗತ್ಪ್ರಸಿದ್ಧ. ಹಂಗೇರಿ ತನ್ನ ಹಕ್ಕು ಕೇಳಿತು. 1993ರಲ್ಲಿ ಯುರೋಪಿನ ಒಕ್ಕೂಟದೊಂದಿಗೆ ಒಪ್ಪಂದವಾಯಿತು, ನ್ಯಾಯಾಲಯಕ್ಕೆ ಹೋದರೂ ಫ್ರಿಯೂಲಿಯವರು ಗೆಲ್ಲಲಿಲ್ಲ. 2007ರ ನಂತರ ಅದನ್ನು ಫ್ರಿಯುಲಾನೊ ಎಂದು ಕರೆಯಬೇಕಾಯಿತು. ಬಳ್ಳಿ ಅದೇ, ಗುಡ್ಡ ಅದೇ, ಆದರೂ ಚೀಟಿಯನ್ನೆಲ್ಲ ಹೊಸದಾಗಿ ಅಚ್ಚು ಹಾಕಿಸಿ ಗಿರಾಕಿಗೆ ಮೊದಲಿನಿಂದ ಹೇಳಬೇಕಾಯಿತು.

ನಮಗೂ ಹೆಸರಿದೆ. 2019ರಲ್ಲಿ "ಚಿಕ್ಕಮಗಳೂರು ಅರೇಬಿಕ" ಮತ್ತು "ಬಾಬಾಬುಡನ್‌ಗಿರಿ ಅರೇಬಿಕ" ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೆಸರನ್ನು ಚೀಲದ ಮೇಲೆ ಹಾಕಬೇಕಾದರೆ ಬೆಳೆಗಾರ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು. ನಮ್ಮ ಸಣ್ಣ ಬೆಳೆಗಾರರಲ್ಲಿ ನೋಂದಣಿಯ ವಿಷಯ ಕೇಳಿದವರೇ ಕಡಿಮೆ. 1996ಕ್ಕೆ ಮುಂಚೆ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಹಾಕುತ್ತಿದ್ದಾಗ ನಮ್ಮ ತಂದೆಯವರು "ನಮ್ಮ ಕಾಫಿ ಯಾರ ಕಾಫಿಯೊಂದಿಗೆ ಸೇರಿತೋ" ಎಂದು ಗೊಣಗುತ್ತಿದ್ದರು. ಮಾರುಕಟ್ಟೆ ಮುಕ್ತವಾಗಿ ಇಷ್ಟು ವರ್ಷವಾದರೂ ನಾವು ಹಣ್ಣು, ಹಸಿರು, ಬಿದ್ದ ಕಾಳು ಎಲ್ಲವನ್ನೂ ಒಂದೇ ಕಣದಲ್ಲಿ ಎಳೆದು ಚೆರಿಯಾಗಿ ಗೇಟಿಗೆ ಬಂದ ವ್ಯಾಪಾರಿಗೆ ತೂಗುತ್ತೇವೆ. ಕಾಫಿ ಯಾರದೋ ಕಾಫಿಯೊಂದಿಗೆ ಸೇರುವುದು ನಿಂತಿಲ್ಲ. 2024ರಿಂದೀಚೆಗೆ ಹಿಂದೆಂದೂ ಕಾಣದ ಬೆಲೆ ಕಂಡಾಗ ಈ ಮಾತು ಯಾರಿಗೂ ರುಚಿಸಲಿಲ್ಲ. ಬೆಲೆ ಇಳಿಯುವ ದಿನ ಬಂದಾಗ ಕೊಳ್ಳುವವನು ಮೊದಲು ಬಿಡುವುದು ಹೆಸರಿಲ್ಲದ ಚೀಲವನ್ನು.

ಎಲ್ಲವನ್ನೂ ಹಾಗೆ ಮಾಡಿ ಎಂದು ನಾನು ಹೇಳುವುದಿಲ್ಲ. ಎರಡು ಎಕರೆಯವನಿಗೆ ಆಳು, ಕಣ, ಬಿಸಿಲು ಮೂರೂ ಲೆಕ್ಕದ್ದು. ಒಳ್ಳೆಯ ಅರೇಬಿಕ ಇರುವ ಒಂದು ತುಂಡಿನಲ್ಲಿ ಪೂರ್ತಿ ಕೆಂಪಾದ ಹಣ್ಣನ್ನು ಮಾತ್ರ ಕೊಯ್ದು, ತೇಲುವುದನ್ನು ತೆಗೆದು, ಬೇರೆಯಾಗಿ ಒಣಗಿಸಿ, ಬೇರೆ ಚೀಲದಲ್ಲಿ ತಂದರೆ ಸಾಕು. ಹತ್ತು ಸದಸ್ಯರ ಹತ್ತು ಚೀಲ ಸೇರಿದರೆ ಅದನ್ನು ರುಚಿ ನೋಡಿಸಿ, ಹೆಸರು ಹಾಕಿ ಮಾರಲು ಸಂಘ ಓಡಾಡಬಹುದು. ಒಂದು ಚೀಲಕ್ಕಾಗಿ ಓಡಾಡಲು ಆಗದು.

ಕಳಸದ ಸದಸ್ಯರ ಸೀಸೆಯನ್ನು ಅವರ ಮನೆಯಲ್ಲೇ ತೆರೆದೆವು. ಬಣ್ಣ ಹಳೆಯ ಜೇನಿನದು. ಒಬ್ಬೊಬ್ಬರಿಗೆ ಎರಡು ಚಮಚೆಯಷ್ಟು ಬಂತು. ಒಣಹಣ್ಣಿನ ಪರಿಮಳ, ಸಿಹಿಯ ಹಿಂದೆ ಸಣ್ಣ ಹುಳಿ. ಮನೆಯ ಯಜಮಾನಿತಿ ಮೂಸಿ ನೋಡಿ, ಜೋನಿಬೆಲ್ಲಕ್ಕೆ ನಿಂಬೆಹಣ್ಣು ಹಿಂಡಿದ ಹಾಗಿದೆ ಎಂದು ಲೋಟ ಕೆಳಗಿಟ್ಟರು. ಸೋದರಳಿಯನಿಗೆ ಕಡ್ಡಿ ಬೇಡವೆಂದು ಅಂದೇ ಫೋನಿನಲ್ಲಿ ಹೇಳಿದ್ದೂ ಆಯಿತು.

ಸದಸ್ಯರಲ್ಲಿ ಒಂದು ವಿನಂತಿ. ಬರುವ ಹೂಮಳೆಯಾದ ಮೇಲೆ ರೋಬಸ್ಟ ತೋಟದ ಬೇರೆ ಬೇರೆ ಕಡೆ ಹತ್ತು ಗಿಡಗಳನ್ನು ಗುರುತಿಸಿ, ಗಿಡಕ್ಕೊಂದು ಕೊಂಬೆಗೆ ದಾರ ಕಟ್ಟಿ, ಹೂ ಎಣಿಸಿ ಬರೆದಿಡಿ. ಆರೇಳು ವಾರ ಕಳೆದ ಮೇಲೆ ಅದೇ ಕೊಂಬೆಯ ಮಿಡಿ ಎಣಿಸಿ. ತೋಟದಲ್ಲಿ ಅಥವಾ ಹತ್ತಿರದಲ್ಲಿ ಹೆಜ್ಜೇನಿನ ಮರವಿದೆಯೇ, ಗಿಡ ಬೀಜದ್ದೋ ಕಡ್ಡಿಯದ್ದೋ, ಹೂವಿನ ದಿನ ಮಳೆ ಬಂತೇ ಎಂಬುದನ್ನೂ ಬರೆಯಿರಿ. ಎಣಿಕೆಯ ಹಾಳೆಗಳು ಕಚೇರಿಯ ಗೊಬ್ಬರದ ಕೌಂಟರಿನಲ್ಲಿವೆ. ಜೂನ್ ಕೊನೆಯೊಳಗೆ ಬಂದ ಹಾಳೆಗಳ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.

ಕಾರ್ಯದರ್ಶಿ